ಕೆಸರು ನೀರಿನ ಸಿಂಪಿ

ಅತ್ತೆ ಅಳಿಯನ ಬುಟ್ಟಿಯ ಸಿಂಪಿಯೊಂದರ ಸಂದಿಗೆ ಚಾಕು ತೂರಿಸಿ ಮಣಿಕಟ್ಟು ತಿರುವಿದಳು. ಚಿಪ್ಪು ಟಕ್ಕೆಂದಿತು. ಅಳಿಯ ಮುಖ ಆಚೆ ತಿರುಗಿಸಿಕೊಂಡ. ಒಳಗಿನದು ಸೊರಗಿದ್ದರೆ ನಾಳೆಯೇ ತನ್ನೂರಿಗೆ ಹೊರಟುಬಿಡೋಣ ಎಂದು ಬೆಳಿಗ್ಗೆ ಹೆಂಡತಿಗೆ ಹೇಳಿಯಾಗಿತ್ತು. ಅವಳು ಈಗ ದೋಣಿಕಟ್ಟೆಯ ಮೇಲೆ ನಿಂತು, ಅವನು ಮುನಿಸಿನಲ್ಲಿ ಬಿಟ್ಟುಬಂದಿದ್ದ ಸ್ವೆಟರಿನ ತೋಳು ಹಿಂಡುತ್ತಿದ್ದಳು.

ಅವನೂರಿನ ಕೊಲ್ಲಿಯ ನೀರೆಂದರೆ ಗಾಜು. ಇಲ್ಲಿ ನದಿ ಕಡಲು ಸೇರುವ ಜಾಗ. ಕೈ ಅದ್ದಿದರೆ ಬೆರಳು ಕಾಣದು. ವರ್ಷದ ಹಿಂದೆ ಮನೆ ಅಳಿಯನಾಗಿ ಬಂದಾಗ ಅವನು ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಇಲ್ಲಿನ ನೀರಲ್ಲಿ ಬೆಳೆಸಲು ಒಂದು ಬುಟ್ಟಿ ಸಿಂಪಿ. ಸಿಂಪಿಗಳಿಗೆ ಇಲ್ಲಿನ ಕೆಸರು ಹಿಡಿಸಲಿಲ್ಲ, ಅವನಿಗೆ ಇಲ್ಲಿನ ಮಾತು. ಅವನ ಮನೆಯಲ್ಲಿ ಉಪ್ಪು ಬೇಕಾದರೂ ಕಣ್ಣಲ್ಲೇ ಕೇಳುತ್ತಿದ್ದರು. ಈ ಅತ್ತೆ ಬಾಯಿ ತೆರೆದರೆ ಬೈಗುಳ, ಹವಾಮಾನ, ಅಕ್ಕರೆ ಎಲ್ಲ ಒಂದೇ ಪ್ರವಾಹ. ಅವನು ಅಷ್ಟನ್ನೂ ನುಂಗಿ, ಊಟ ಬಿಟ್ಟು ಮಲಗುತ್ತಿದ್ದ.

“ಏನು ಅಳಿಯಂದಿರೇ, ಹೆರಿಗೆ ಕೋಣೆ ಮುಂದೆ ನಿಂತ ಹಾಗೆ ನಿಂತಿದ್ದೀರಿ? ನೋಡಿ ಇಲ್ಲಿ.”

“ನೋಡೋದೇನು ಅತ್ತೆ? ದಿನಾ ಬುಟ್ಟಿ ಎತ್ತಿದಾಗ ಕೆಳಗೆ ಕಂದು ಕಂದು ದಾರ ಬೀಳ್ತಿದೆ. ತಿಂದದ್ದೆಲ್ಲ ವಾಂತಿ ಮಾಡ್ಕೋತಿವೆ.”

“ವಾಂತಿಯಂತೆ! ತಿಂದಿದ್ರೆ ತಾನೇ ವಾಂತಿ? ಅದು ಬಾಯಿಗೇ ಹೋಗಿಲ್ಲ.”

ಅವಳು ತನ್ನ ಬುಟ್ಟಿಯದೊಂದನ್ನೂ ಬಿಡಿಸಿ ಪಕ್ಕದಲ್ಲಿಟ್ಟಳು. ಎರಡೂ ಕೆನೆಬಣ್ಣ, ಎರಡೂ ತುಂಬಿಕೊಂಡಿದ್ದವು. ಚಾಕುವಿನ ತುದಿಯಿಂದ ಬಾಯಿಯ ಬಳಿಯ ಮಡಿಕೆಗಳನ್ನು ಎತ್ತಿ ತೋರಿಸಿದಳು. ಅವನೂರಿನ ಸಿಂಪಿಗಳಲ್ಲಿ ಅವು ಉಗುರಿನ ಚೂರಿನಷ್ಟಿರುತ್ತಿದ್ದವು. ಈಗ ಯಾವುದು ಅತ್ತೆಯದು, ಯಾವುದು ತನ್ನದು ಎಂದೇ ತಿಳಿಯುವಂತಿರಲಿಲ್ಲ.

“ತುಟಿ ದಪ್ಪ ಮಾಡ್ಕೊಂಡಿವೆ. ನೀರಲ್ಲಿ ಬಂದದ್ದನ್ನೆಲ್ಲ ಇದೇ ಆರಿಸೋದು. ತಿನ್ನೋದು ಒಳಗೆ, ಮಣ್ಣಿಗೆ ಲೋಳೆ ಸುತ್ತಿ ಹೊರಗೆ. ಮೊದಮೊದಲು ಗೊತ್ತಾಗ್ದೆ ಮುಚ್ಕೊಂಡು ಕೂತಿದ್ವು, ನಿಮ್ಮ ಹಾಗೆ.”

“ಅಮ್ಮಾ!” ಎಂದಳು ಮಗಳು.

ಅವನು ಒಂದನ್ನು ಬಾಯಿಗೆ ಹಾಕಿಕೊಂಡ. ಉಪ್ಪು, ಆಮೇಲೆ ಸಿಹಿ. ಕೆಸರಿನ ಸುಳಿವೂ ಇರಲಿಲ್ಲ. ಇನ್ನೊಂದನ್ನೂ ತಿಂದ. ತನ್ನ ಬುಟ್ಟಿಯನ್ನು ಮತ್ತೆ ನೀರಿಗೆ ಇಳಿಸಿ ಕಂಬಕ್ಕೆ ಕಟ್ಟತೊಡಗಿದ.

“ಅಯ್ಯೋ, ಅದೊಂದು ಗಂಟಾ? ನಮ್ಮನೆ ಬೆಕ್ಕು ಇದಕ್ಕಿಂತ ಚೆನ್ನಾಗಿ ಕಟ್ಟುತ್ತೆ! ಯಾರು ಕಲಿಸಿದ್ರೋ, ಏನು ಕಲಿತ್ರೋ, ನಮ್ಮ ಹಣೆಗೆ ಬಂದ್ರಿ. ಗಾಳಿ ಕೊರೀತಿದೆ, ಸ್ವೆಟರ್ ಹಾಕ್ಕೊಳ್ಳಿ. ಮೂಗು ನೋಡಿ, ಸೋರೋ ನಲ್ಲಿ!”

ಹೆಂಡತಿ ಅವನ ಮುಖವನ್ನೇ ನೋಡಿದಳು. ಅವನು ಗಂಟನ್ನೊಮ್ಮೆ ಜಗ್ಗಿ ನೋಡಿದ, ಗಟ್ಟಿಯಾಗಿಯೇ ಇತ್ತು. ಆಮೇಲೆ ಅವಳತ್ತ ಕೈಚಾಚಿ, ಅತ್ತೆಯ ಅಷ್ಟೂ ಮಾತಿನಿಂದ ಸ್ವೆಟರನ್ನಷ್ಟೇ ಆರಿಸಿ ತೆಗೆದುಕೊಂಡ.