ಜರಡಿ ಹಿಡಿದ ಮಣ್ಣು

"ನಿಮಗ್ಯಾಕೆ ತೊಂದ್ರೆ ಮೇಡಂ, ನಾನೇ ತೆಗೆದಿಟ್ಟಿದೀನಿ" ಎಂದು ಚನ್ನರಾಯಪ್ಪ ಮನೆಯಂಗಳದಲ್ಲಿ ಬಟ್ಟೆಯ ಚೀಲವೊಂದನ್ನು ಚಾಚಿದಾಗ ಧನಶ್ರೀ ಇನ್ನೂ ಕೈಗವಸು ಹಾಕಿಕೊಳ್ಳುತ್ತಿದ್ದಳು. ಮಾಲೂರಿನ ಹೊರಗೆ, ಅವನ ರಾಗಿ ಹೊಲದಂಚಿಗೆ ಯಾರೋ ಟ್ಯಾಂಕರಿನಲ್ಲಿ ತಂದು ಸುರಿದ ರಾಸಾಯನಿಕದಿಂದ ಮಣ್ಣು ಕಪ್ಪಾಗಿತ್ತು. ಆ ಮಣ್ಣನ್ನು ಗಾಜಿನ ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಒಯ್ಯಲು ಅವಳು ಬಂದಿದ್ದಳು.

ಚೀಲದೊಳಗಿನ ಮಣ್ಣು ಹಿಟ್ಟಿನಷ್ಟು ನುಣ್ಣಗಿತ್ತು.

"ಗೊಬ್ಬರ ಎಷ್ಟು ಹಾಕ್ಬೇಕು ಅಂತ ನೋಡೋಕೆ ಕೃಷಿ ಇಲಾಖೆಯೋರಿಗೆ ಹಿಂಗೇ ಕೊಡೋದು" ಎಂದ ಅವನು, ಹೆಮ್ಮೆಯಿಂದ. "ಐದು ಕಡೆ ಅಗೆದು, ಪಡಸಾಲೆ ನೆರಳಲ್ಲಿ ಮೂರು ದಿನ ಒಣಗ್ಸಿ, ಹೆಂಟೆ ಒಡೆದು ಜರಡಿ ಹಿಡಿದೆ. ಮೊದಲು ತಲೆ ಸುತ್ತೋ ವಾಸ್ನೆ ಇತ್ತು. ಈಗ ನೋಡಿ, ಚೂರೂ ಇಲ್ಲ!"

ಧನಶ್ರೀ ಹಿಡಿದೊಯ್ಯಲು ಬಂದಿದ್ದು ಆ ವಾಸನೆಯನ್ನೇ, ಒಣಗಿಸಿದರೆ ಗಾಳಿಗೆ ಆವಿಯಾಗಿಬಿಡುವ ಆ ರಾಸಾಯನಿಕವನ್ನೇ. ಅದು ಮೂರು ದಿನ ಇವನ ಮನೆ ತುಂಬಿತ್ತು.

"ಬರಿಗೈಲಿ ಹೆಂಟೆ ಒಡೆದ್ರಾ?"

"ಮಣ್ಣು ಮುಟ್ಟೋಕೆ ಬರಿಗೈ ಅಲ್ದೆ ಇನ್ನೇನು ಮೇಡಂ?"

ಅವನ ಬೆರಳ ಸಂದುಗಳಲ್ಲಿ ಚರ್ಮ ಕೆಂಪಾಗಿ ಸುಲಿದಿತ್ತು. ಅವಳು ಅಲ್ಲಿಂದ ಕಣ್ಣು ಕೀಳಲಾರದೆ ಕೇಳಿದಳು: "ಆ ಜರಡಿ ಎಲ್ಲಿದೆ?"

ಚನ್ನರಾಯಪ್ಪ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. "ಲೇ ಶಾಮಲಾ, ಆ ಜರಡಿ ತಗೊಂಡ್ ಬಾ. ಮೇಡಂ ನೋಡ್ಬೇಕಂತೆ."

"ಒಂದ್ನಿಮಿಷ ತಡೀರಿ" ಅಡುಗೆಮನೆಯಿಂದ ಶಾಮಲಮ್ಮನ ದನಿ ಬಂತು. "ಮಗೂಗೆ ಸರಿ ಮಾಡೋಕೆ ರಾಗಿಹಿಟ್ಟು ಜರಡಿ ಹಿಡೀತಾ ಇದೀನಿ."