ಬಣ್ಣದಡಿಯ ಬಿರುಕು

ಚಳಿಗಾಲದಲ್ಲಿ ಮಂಜು ಮುಸುಕುವ ಎರಡು ತಿಂಗಳು ಆ ಪೈಲಟ್ ತರಬೇತಿ ಶಾಲೆಗೆ ರಜೆ. ರಜೆ ಶುರುವಾಗುವುದರೊಳಗೆ ವಿಮಾನಗಳನ್ನು ಶೆಡ್ಡಿಗೆ ತಂದು, ಪ್ರೊಪೆಲ್ಲರ್‌ಗಳನ್ನು ತೊಳೆದು, ತೇವ ತಾಗದಂತೆ ಎಣ್ಣೆ ಸವರಿ, ಬಟ್ಟೆ ಹೊದಿಸಿ ಇಡಬೇಕು. ಮೆಕ್ಯಾನಿಕ್ ದಾವಲಸಾಬ ಪ್ರೊಪೆಲ್ಲರಿನ ಒಂದು ಅಲಗನ್ನು ಒರೆಸುತ್ತಿದ್ದಾಗ ಬಣ್ಣ ಚಕ್ಕೆಯೆದ್ದು ಬಂತು. ಅದರಡಿ ಸಂದು ತುಂಬುವ ಪುಟ್ಟಿ ಮೆತ್ತಿತ್ತು. ಪುಟ್ಟಿ ಕೆರೆದರೆ ಬೆರಳುದ್ದದ ಬಿರುಕು.

ಅವನು ಹಿರಿಯ ತರಬೇತುದಾರ ಬಿದ್ದಪ್ಪನವರನ್ನು ಕರೆದು ತೋರಿಸಿದ. ಅವರು ಬಿರುಕನ್ನು ಸವರಿ ನೋಡಿ, ಹೇಸಿಗೆ ಮುಟ್ಟಿದವರಂತೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಥೂ. ಇದನ್ನ ಮುಚ್ಚಿಟ್ಟವನು ಮನುಷ್ಯನಾ? ಮೇಲೆ ಹೋದಾಗ ಅಲಗು ಮುರಿದಿದ್ದರೆ ಮಕ್ಕಳ ಗತಿ ಏನು?”

“ಹೋದ ವರ್ಷ ಕೆಲಸ ಬಿಟ್ಟು ಹೋದ ಮೆಕ್ಯಾನಿಕ್ ಮೆತ್ತಿರಬೇಕ್ರಿ, ಸರ.”

“ಅವನೊಬ್ಬನೇ ಅಲ್ಲ. ಇಡೀ ವರ್ಷ ಇದರಲ್ಲಿ ಹಾರಾಡಿದ್ದೇವೆ. ಇಷ್ಟು ಜನರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ ಅಂದರೆ ನಮ್ಮ ಮೇಲೇ ಅಸಹ್ಯ ಆಗುತ್ತೆ.”

ದಾವಲಸಾಬ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮಡಚಿದ. “ಒಬ್ಬಾಕಿ ಹುಡುಗಿಗೆ ಅನುಮಾನ ಬಂದಿತ್ರಿ. ಎಂಜಿನ್ ಜೋರು ಮಾಡಿದ್ರ ವಿಮಾನ ನಡಗ್ತೈತಿ ಅಂತ ಮೂರು ಸಲ ಬರದು ಕೊಟ್ಟಿದ್ಲು.”

“ಮೂರು ಸಲ? ಅವಳ ಮಾತು ಕೇಳದ ಆ ಅಯೋಗ್ಯ ಯಾರು? ಹೆಸರು ಹೇಳು, ಇವತ್ತೇ ಮನೆಗೆ ಕಳಿಸ್ತೀನಿ.”

ದಾವಲಸಾಬ ಅವರ ಮುಖ ನೋಡಲಿಲ್ಲ.

“ಆ ಹುಡುಗಿ ರೇಣುಕಾ ಅಂತ ಇದ್ಲಲ್ರಿ, ಸರ. ನಡಗೋದು ವಿಮಾನ ಅಲ್ಲ, ಆಕಿ ಕೈ ಅಂತ ಬರದು ನೀವ ಆಕಿನ್ನ ಶಾಲಿಯಿಂದ ತಗದ್ರಿ.”