ದೊರೆಗೆ ನಿದ್ದೆ ಬಾರದ ಶುಕ್ರವಾರ

ಲೆಬ್ರೆಕ್ಟ್ ಪಿಟೀಲು ಬಾರಿಸುತ್ತಲೇ ಓರೆಗಣ್ಣಿನಿಂದ ನೋಡಿದ. ಸಂಗೀತದ ಎರಡನೆಯ ಭಾಗ ಮುಗಿಯುತ್ತ ಬಂದಿತ್ತು. ದೊರೆ ಅಡಾಲ್ಬರ್ಟ್ ಇನ್ನೂ ಎಚ್ಚರವಾಗಿದ್ದರು. ಅಬ್ಬಾ!

ವಾಲ್ಡೆನ್‌ಫೆಲ್ಸ್ ಸಂಸ್ಥಾನ ಅಂಗೈಯಗಲ. ಆದರೆ ದೊರೆಯ ಕಲಾಪ್ರೇಮದ ಖ್ಯಾತಿ ಪ್ಯಾರಿಸ್ಸಿನವರೆಗೆ ಹಬ್ಬಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನದ ಊಟದ ಮೇಲೆ ಅರಮನೆಯಲ್ಲಿ ಕಛೇರಿ. ಒಂದನ್ನೂ ತಪ್ಪಿಸಿದವರಲ್ಲ ನಮ್ಮ ದೊರೆ. ಮೊದಲ ಸ್ವರಕ್ಕೆ ಆಕಳಿಕೆ, ಎರಡನೆಯದಕ್ಕೆ ಗೊರಕೆ. ದೊರೆ ಮಲಗಿದರೆ ದರ್ಬಾರೂ ಮಲಗಬಹುದು ಎಂಬುದು ಅಲ್ಲಿಯ ರಿವಾಜು. ಹಾಗಾಗಿ ಸಂಗೀತವೆಂದರೆ ಎಲ್ಲರಿಗೂ ಪ್ರಾಣ.

ಲೆಬ್ರೆಕ್ಟ್ ಬೆಳಿಗ್ಗೆ ದೊರೆಯ ವಿಗ್ಗಿಗೆ ಪೌಡರು ಹಾಕುವ ಆಳು, ಮಧ್ಯಾಹ್ನ ಆಸ್ಥಾನ ಸಂಗೀತಗಾರ. ಸಂಬಳ ಮಾತ್ರ ಒಂದೇ. ಆಳು ಮದುವೆಯಾಗಬೇಕಾದರೆ ದೊರೆಯ ಅಪ್ಪಣೆ ಬೇಕು. ಅರಮನೆಯ ಅಡುಗೆಮನೆಯಲ್ಲಿ ಕೇಕು ಮಾಡುವ ಸಿಬಿಲ್ಲಾಳಿಗಾಗಿ ಅವನು ಅಂಗಲಾಚಿದಾಗ ದೊರೆ ತುಂಬಿದ ಸಭೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ನನ್ನನ್ನ ಕೊನೇವರೆಗೂ ಎಚ್ಚರವಾಗಿಡೋ ಸಂಗೀತ ಬರಿ ನೋಡೋಣ. ಮದುವೆ ನಾನೇ ಮಾಡಿಸ್ತೀನಿ ಕಣೋ!"

ಕ್ರಿಸ್‌ಮಸ್ ಕಳೆದರೆ ಸಿಬಿಲ್ಲಾಳ ಅಪ್ಪ ಅವಳನ್ನು ಕಟುಕನೊಬ್ಬನಿಗೆ ಕೊಡುವವನಿದ್ದ. ಅದಕ್ಕೆ ಮುಂಚಿನ ಕೊನೆಯ ಶುಕ್ರವಾರ ಇದು.

ದೊರೆ ಇವತ್ತು ಎಂದಿನಂತೆ ಚಳಿ ಕಾಯಿಸುವ ಒಲೆಯ ಪಕ್ಕ ಕೂತಿರಲಿಲ್ಲ. ಹಲ್ಲು ಕಟಕಟಿಸುವ ಚಳಿಯಲ್ಲೂ ಅವರ ಕುರ್ಚಿ ದೂರದ ಮೂಲೆ ಸೇರಿತ್ತು. ಹತ್ತಿರ ಒಂದು ದೀಪವೂ ಇಲ್ಲ. "ಪ್ರಭುಗಳಿಗೆ ಸೆಕೆಯಂತೆ" ಎಂದಿದ್ದರು ದರ್ಬಾರಿನ ಮುಖ್ಯಾಧಿಕಾರಿ ಫಾನ್ ಕ್ವಾಸ್ಟ್. ಬೆಳಿಗ್ಗೆ ವಿಗ್ಗನ್ನೂ ಅವರೇ ಬಾಗಿಲಲ್ಲಿ ಕಸಿದುಕೊಂಡು ಹೋಗಿದ್ದರು. ಎರಡು ತಿಂಗಳಿಂದ ಅರಮನೆಯ ರೊಟ್ಟಿ ತಿಂದು ಕೊಬ್ಬಿದ್ದ ಪರವೂರಿನ ಶಿಲ್ಪಿ ಕಂಬದ ಮರೆಯಲ್ಲಿ ಉಗುರು ಕಚ್ಚುತ್ತ ದೊರೆಯನ್ನೇ ನೋಡುತ್ತಿದ್ದ. ಪಾಪ, ನನ್ನ ಮದುವೆಗೆ ಇವನಿಗೂ ಎಷ್ಟು ಆತಂಕ ಎಂದುಕೊಂಡ ಲೆಬ್ರೆಕ್ಟ್.

ಮೂರನೆಯ ಭಾಗ. ದೊರೆಯ ಕಣ್ಣು ಪಳಪಳ ಹೊಳೆಯುತ್ತಿತ್ತು. ಕಣ್ಣೀರೇ ಇರಬೇಕು! ದೊರೆ ಎಚ್ಚರವಿದ್ದ ಮೇಲೆ ದರ್ಬಾರು ಮಲಗುವುದುಂಟೇ? ಸೇನಾಪತಿಗಳು ಮೂಗಿಗೆ ನಶ್ಯ ತುರುಕಿಕೊಂಡರು. ಮುದುಕಿ ಕೌಂಟೆಸ್ ತೊಡೆ ಚಿವುಟಿಕೊಂಡು ಪಿಸುಗುಟ್ಟಿದಳು: "ಹಾಳಾದವನೇ, ಯಾವಾಗ ಮುಗಿಸ್ತೀಯೋ?"

ಕೊನೆಗೂ ಮುಗಿಯಿತು. ದೊರೆ ಚಪ್ಪಾಳೆ ತಟ್ಟಲಿಲ್ಲ; ಹಾಗಾಗಿ ಯಾರೂ ತಟ್ಟಲಿಲ್ಲ.

"ಪ್ರಭುಗಳು ಮೈಮರೆತಿದ್ದಾರೆ. ಎಲ್ಲರೂ ಹೊರಡಿ" ಎಂದು ಕ್ವಾಸ್ಟ್ ಅವಸರ ಮಾಡಿದರು.

"ನೀನು ಗೆದ್ದೆ ಕಣಪ್ಪಾ" ಎಂದಳು ಕೌಂಟೆಸ್, ಹೊರಗೆ ಹೋಗುತ್ತ. "ಇಂಥಾ ರಸಿಕರನ್ನ ನಾನಂತೂ ಕಂಡಿಲ್ಲ."

ಲೆಬ್ರೆಕ್ಟ್ ಹೊರಡಲಿಲ್ಲ. ಕ್ವಾಸ್ಟ್ ತಡೆಯುವ ಮೊದಲೇ ಮೂಲೆಗೆ ಓಡಿ, ದೊರೆಯ ಪಾದದ ಬಳಿ ಮಂಡಿಯೂರಿದ.

"ಪ್ರಭು, ಮಾತು ಕೊಟ್ಟಿದ್ರಿ..."

ಹಿಂಬಾಗಿಲು ಧಡಾರೆಂದಿತು. ಮೊಣಕಾಲವರೆಗೆ ಕೆಸರು, ಹೆಗಲಲ್ಲಿ ಬಂದೂಕು; ಕಾಡುಹಂದಿ ಬೇಟೆ ಮುಗಿಸಿ ಬಂದ ದೊರೆ ಅಡಾಲ್ಬರ್ಟ್, ಕುರ್ಚಿಯಲ್ಲಿ ಕೂತಿದ್ದ ತಮ್ಮದೇ ಮೇಣದ ಗೊಂಬೆಯ ಕೆನ್ನೆಯನ್ನು ಮೆಚ್ಚಿ ಸವರಿದರು. "ಹೇಗಿತ್ತು ಕ್ವಾಸ್ಟ್? ಇವತ್ತೂ ನಿದ್ದೆ ಹೊಡೆದೆನೋ?"

ಕ್ವಾಸ್ಟ್ ಹಣೆಯ ಬೆವರು ಒರೆಸಿಕೊಂಡರು. "ರೆಪ್ಪೆ ಕೂಡ ಮಿಟುಕಿಸಲಿಲ್ಲ ಪ್ರಭು. ಇಡೀ ದರ್ಬಾರೇ ನೋಡಿದೆ. ಇನ್ನು ಮದುವೆ ಮಾಡಿಸದೆ ವಿಧಿಯಿಲ್ಲ."